ಬಿಳಿಗಿರಿಯಲ್ಲಿ ಲಂಟಾನ ಗೆದ್ದದ್ದು ಹೇಗೆ?

ಲಂಟಾನ ಪೊದೆಯನ್ನು ಮಚ್ಚಿನಿಂದ ಸವರಿದರೆ ಅದು ಸಾಯುವುದಿಲ್ಲ. ಬುಡ ಉಳಿದರೆ ಸಾಕು, ಮಳೆ ಬಿದ್ದೊಡನೆ ಚಿಗುರೊಡೆದು ಇನ್ನಷ್ಟು ಒತ್ತಾಗಿ ಹಬ್ಬುತ್ತದೆ. ಮಣ್ಣಿನಿಂದ ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿದು, ಇಡೀ ಪೊದೆಯನ್ನು ಬೇರು ಮೇಲಾಗುವಂತೆ ಬೋರಲು ಹಾಕಬೇಕು. ಬೇರು ಬಿಸಿಲಿಗೆ ಒಣಗಿದರೆ ಗಿಡ ಸತ್ತಂತೆ. ಅಷ್ಟಾದರೂ ಕೆಲಸ ಮುಗಿಯದು. ಮಣ್ಣಲ್ಲಿದ್ದ ಬೀಜ ಮೊಳೆಯುತ್ತದೆ, ಪಿಕಳಾರಗಳು ಹಣ್ಣು ತಿಂದು ಹೊಸ ಬೀಜ ತಂದು ಹಾಕುತ್ತವೆ.

ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಇದರ ಎಲೆ ಮೇಯ್ದ ದನದ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲು ತಾಗಿದಲ್ಲಿ ಚರ್ಮ ಸುಲಿಯುತ್ತದೆ. ಹಾಗಾಗಿ ಮೇಯುವ ಪ್ರಾಣಿಗಳು ಇದನ್ನು ಮುಟ್ಟುವುದು ಕಡಿಮೆ. ಇದರ ನೆರಳಲ್ಲಿ ಹುಲ್ಲು ಬೆಳೆಯದು, ಜಿಂಕೆ-ಕಾಟಿಗಳಿಗೆ ಮೇವಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಲೆಕ್ಕ ಗಾಬರಿ ಹುಟ್ಟಿಸುತ್ತದೆ. ಸಂಶೋಧಕರು 1997ರಲ್ಲಿ ಕಾಡಿನುದ್ದಕ್ಕೂ ಗುರುತಿಟ್ಟು ನೋಡಿದ ತುಣುಕುಗಳಲ್ಲಿ ಶೇ. 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ಕಾಡಿನಲ್ಲಿ ಶೇ. 81.

ಯಾಕೆ ಹೀಗಾಯಿತು ಎಂದು ಅಲ್ಲಿನ ಸೋಲಿಗ ಬುಡಕಟ್ಟಿನವರನ್ನು ಕೇಳಿದರೆ ಹಿರಿಯರು ತರಗು ಬೆಂಕಿಯ ಮಾತು ತೆಗೆಯುತ್ತಾರೆ. ಬೇಸಿಗೆ ಬಲಿಯುವ ಮೊದಲೇ, ಉದುರಿದ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ ಅದು. ನೆಲಕ್ಕಂಟಿ ಉರಿದು ಆರುತ್ತಿತ್ತು. ಲಂಟಾನದ ಎಳೆಗಿಡ ಸುಡುತ್ತಿತ್ತು, ಹುಲ್ಲು ಹೊಸದಾಗಿ ಚಿಗುರುತ್ತಿತ್ತು. ನೆಲ್ಲಿಮರಕ್ಕೆ ಅಂಟಿ ಅದರ ರಸ ಹೀರುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ. 1970ರ ದಶಕದಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ಅಪರಾಧವಾಯಿತು. ಕಾಡನ್ನು ತಲೆಮಾರುಗಳಿಂದ ಬಲ್ಲವರ ಮಾತನ್ನು ದಶಕಗಳ ಕಾಲ ಯಾರೂ ಕೇಳಲಿಲ್ಲ. ಇದು ಅನ್ಯಾಯ ಮಾತ್ರವಲ್ಲ, ಕಾಡಿಗಾದ ನಷ್ಟ ಕೂಡ.

ಹಾಗೆಂದು ಇವತ್ತು ಬೆಂಕಿ ಹಚ್ಚಿದರೆ ಆಗದು. ಆಳೆತ್ತರಕ್ಕೆ ಬೆಳೆದ ಒಣ ಲಂಟಾನ ಬೆಂಕಿಯನ್ನು ಮರದ ತುದಿಗೆ ಏರಿಸುತ್ತದೆ. ಮರ ಸುಟ್ಟು ತೆರವಾದ ಜಾಗದಲ್ಲಿ ಮತ್ತೆ ಮೊದಲು ಏಳುವುದೂ ಅದೇ. ಆದ್ದರಿಂದ ಮೊದಲು ಬೇರು ಕಡಿಯಬೇಕು, ಹಲವು ವರ್ಷ ಸಸಿ ಕೀಳಬೇಕು, ತೆರವಾದಲ್ಲಿ ನಾಡ ಹುಲ್ಲು ಬಿತ್ತಬೇಕು. ಸಣ್ಣ ಬೆಂಕಿಯ ಪ್ರಶ್ನೆ ಬರುವುದು ಆಮೇಲೆ. 2011ರಲ್ಲಿ ಅಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ, ಅಂದರೆ ಕಾಡನ್ನು ಒಟ್ಟಾಗಿ ಬಳಸುವ, ಕಾಯುವ ಹಕ್ಕಿಗೆ, ಮಾನ್ಯತೆ ಸಿಕ್ಕಿದೆ. ಎಲ್ಲಿ, ಯಾವಾಗ ಹಚ್ಚಬೇಕೆಂಬ ತೀರ್ಮಾನದಲ್ಲಿ ಅವರೂ ಕೂರಬೇಕು.