ಡ್ರೋನಿಗೆ ಕನ್ನಡಿ ಅಂಟಿಸಿದರೆ ಲೇಸರ್ ವಾಪಸ್ ಹೋಗುತ್ತಾ?

2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ಡಿಆರ್‌ಡಿಒ 30 ಕಿಲೋವ್ಯಾಟ್ ಲೇಸರ್‌ನಿಂದ ಡ್ರೋನ್ ಉರುಳಿಸಿ ತೋರಿಸಿತು. ಆ ಸುದ್ದಿ ಓದಿದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ವಾದ: ಕನ್ನಡಿ ಅಂಟಿಸಿದ್ರೆ ಮುಗೀತಲ್ವಾ? ನಾನೂ ಕನ್ನಡಿ ಪಕ್ಷದವನೇ ಆಗಿದ್ದೆ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಪಕ್ಷ ಬಿಟ್ಟೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಪ್ರತಿಫಲನದ ನಿಯಮ ಪಿಯುಸಿಯಲ್ಲೇ ಆಗಿದೆ, ಅದನ್ನು ಬಿಡಿ.

ನಾನು ಎಡವಿದ್ದು ಇಲ್ಲಿ. ಇಂಥ ಲೇಸರ್‌ಗಳ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸು, ಕಣ್ಣಿಗೆ ಕಾಣಲ್ಲ. ಈ ಬೆಳಕನ್ನು ಪಾಲಿಶ್ ಮಾಡಿದ ಅಲ್ಯೂಮಿನಿಯಂ ಸುಮಾರು ಶೇ. 95ರಷ್ಟು ತಿರುಗಿಸುತ್ತದೆ. ಒಳ್ಳೇ ಕನ್ನಡಿ ಶೇ. 99. ನನ್ನ ಕಣ್ಣಿಗೆ ಎರಡೂ ಒಂದೇ ಅನಿಸಿತ್ತು, ಡಿಸ್ಟಿಂಕ್ಷನ್ ಅಂದ್ರೆ ಡಿಸ್ಟಿಂಕ್ಷನ್. ಅದೇ ತಪ್ಪು. ಇಲ್ಲಿ ಅಮ್ಮನ ಹಾಗೆ ಕೇಳಬೇಕು: "95 ಸರಿ, ಉಳಿದ ಐದು ಎಲ್ಲಿ ಹೋಯ್ತು?" ಆ ಐದು ಲೋಹದೊಳಗೆ ಶಾಖವಾಗಿ ಕೂತಿದೆ. ಶೇ. 99ರಲ್ಲಿ ಉಳಿಯುವುದು ಒಂದು. ಅಂದರೆ ಮೊದಲನೆಯದು ಐದು ಪಟ್ಟು ಬೇಗ ಕಾಯುತ್ತದೆ. ತಿರುಗಿ ಹೋದದ್ದನ್ನು ಮರೆತುಬಿಡಿ, ಉಳಿದದ್ದನ್ನು ಮಾತ್ರ ಎಣಿಸಿ. ನಾನು ಇದಕ್ಕೆ ಅಮ್ಮನ ಪ್ರಶ್ನೆ ಅಂತಲೇ ಹೆಸರಿಟ್ಟಿದ್ದೇನೆ.

ಈಗ ಲೆಕ್ಕ. 30 ಕಿಲೋವ್ಯಾಟ್ ಬೆಳಕು 10 ಸೆಂ.ಮೀ. ಅಗಲದ ದುಂಡು ಜಾಗಕ್ಕೆ ಬಿತ್ತು ಅಂದುಕೊಳ್ಳಿ. ಚದರ ಸೆಂಟಿಮೀಟರಿಗೆ ಸುಮಾರು 380 ವ್ಯಾಟ್. 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ ಒಂದು ಚದರ ಸೆಂಟಿಮೀಟರಿಗೆ 0.27 ಗ್ರಾಂ ತೂಗುತ್ತದೆ. ಅದನ್ನು 30 ಡಿಗ್ರಿಯಿಂದ ಕರಗುವ ಬಿಂದು 660ಕ್ಕೆ ಏರಿಸಲು 153 ಜೌಲ್, ಆಮೇಲೆ ಬಿಸಿ ಏರದೆ ಬರೀ ಕರಗಿಸಲು ಬೇಕಾದ ಶಾಖ, ಅಂದರೆ ಗುಪ್ತೋಷ್ಣ, 107 ಜೌಲ್. ಒಟ್ಟು 260. (ಗುಪ್ತೋಷ್ಣ ಸೇರಿಸೋದನ್ನು ಮೊದಲ ಸಲ ನಾನು ಮರೆತಿದ್ದೆ.) ಪೂರ್ತಿ ಹೀರಿಕೊಂಡರೆ 0.7 ಸೆಕೆಂಡಿನಲ್ಲಿ ತೂತು. ಶೇ. 5 ಹೀರಿಕೊಂಡರೆ 14 ಸೆಕೆಂಡ್. ಶೇ. 1 ಆದರೆ 68 ಸೆಕೆಂಡ್. ಶಾಖ ಅಕ್ಕಪಕ್ಕ ಹರಡುವುದನ್ನು ನಾನು ಬಿಟ್ಟಿದ್ದೇನೆ.

ಅಂದರೆ ಕನ್ನಡಿ ದಂಡವಲ್ಲ, ಸಮಯ ಕೊಡುತ್ತದೆ. ಆದರೆ ಈ 14 ಕೂಡ ಕೊನೇತನಕ ನಿಲ್ಲಲ್ಲ. ಲೋಹ ಬಿಸಿಯಾದಷ್ಟೂ ಜಾಸ್ತಿ ಹೀರುತ್ತದೆ, ಜಾಸ್ತಿ ಹೀರಿದಷ್ಟೂ ಇನ್ನೂ ಬಿಸಿಯಾಗುತ್ತದೆ. ಮೇಲೆ ಒಂದಿಷ್ಟು ಧೂಳು ಕೂತಿದ್ದರೆ ಅದು ಮೊದಲು ಸುಟ್ಟು, ಅಲ್ಲೇ ಕಪ್ಪು ಕಲೆ. ಔಟರ್ ರಿಂಗ್ ರೋಡಿನಲ್ಲಿ ಒಂದು ದಿನ ನಿಲ್ಲಿಸಿದ ಬೈಕಿನ ಕನ್ನಡಿ ನೋಡಿದರೆ ಸಾಕು.

ನನಗೆ ನಿಜಕ್ಕೂ ನಂಬಿಕೆ ಬಂದಿದ್ದು ಪೀಣ್ಯದಲ್ಲಿ. ದೊಡ್ಡಪ್ಪನ ಮಗ ಅಲ್ಲಿ ಲೇಸರ್ ಕಟಿಂಗ್ ಶಾಪ್‌ನಲ್ಲಿದ್ದಾನೆ. ಕನ್ನಡಿ ವಾದ ಕೇಳಿ ನಕ್ಕುಬಿಟ್ಟ. "ತಾಮ್ರ ಕನ್ನಡಿಗಿಂತ ಕಮ್ಮೀನಾ? ದಿನಾ ಕತ್ತರಿಸ್ತೀವಲ್ಲೋ!" ಪಾಲಿಶ್ ಮಾಡಿದ ತಾಮ್ರ ಈ ಬೆಳಕನ್ನು ಶೇ. 95ಕ್ಕಿಂತ ಜಾಸ್ತಿ ತಿರುಗಿಸುತ್ತದೆ. ಆದರೂ ಕೂದಲೆಳೆಯಷ್ಟು ಜಾಗಕ್ಕೆ ಕಿಲೋವ್ಯಾಟ್‌ಗಟ್ಟಲೆ ಸುರಿದಾಗ ಉಳಿದ ಚೂರೇ ಕರಗಿಸಲು ಸಾಕು. ಕರಗಿದ ಕೂಡಲೇ ಹೀರಿಕೆ ಏರುತ್ತದೆ, ಆಮೇಲೆ ಕೆಲಸ ಸಲೀಸು. ಮೊದಲ ಕ್ಷಣದಲ್ಲಿ ಬೆಳಕು ಮಿಷಿನ್ನಿಗೇ ವಾಪಸ್ ಬಂದು ಹಾಳು ಮಾಡುವ ಭಯವಂತೂ ನಿಜ, ಅದಕ್ಕೇ ಒಳಗೆ ತಡೆ ಇಟ್ಟಿರುತ್ತಾರಂತೆ.

ಮನೆಯ ಕನ್ನಡಿ ಇನ್ನೂ ದಡ್ಡ ಆಯ್ಕೆ. ಅದರ ಅಂಚು ನೋಡಿ, ಹಸಿರು ಕಾಣುತ್ತದೆ. ಗಾಜಿನಲ್ಲಿರುವ ಕಬ್ಬಿಣದ ಅಂಶ ಅದು. ಅದೇ ಕಬ್ಬಿಣ 1 ಮೈಕ್ರಾನ್ ಬೆಳಕನ್ನೂ ಹೀರುತ್ತದೆ. ಹೊಳೆಯುವ ಪದರ ಇರುವುದು ಗಾಜಿನ ಹಿಂದೆ. ಬೆಳಕು ಹೋಗುವಾಗಲೂ ಬರುವಾಗಲೂ ಗಾಜನ್ನು ಕಾಯಿಸುತ್ತದೆ, ಗಾಜು ಬಿರುಕು ಬಿಡುತ್ತದೆ.

ಹಾಗಾದರೆ ಲೇಸರ್ ಆಯುಧದೊಳಗಿನ ಕನ್ನಡಿಗಳು ಯಾಕೆ ಸುಡಲ್ಲ? ಅಲ್ಲಿ ಬೆಳಕು ದೊಡ್ಡ ಜಾಗಕ್ಕೆ ಹರಡಿರುತ್ತದೆ, ಗುರಿಯ ಮೇಲೆ ಮಾತ್ರ ಒಟ್ಟುಗೂಡುತ್ತದೆ. ಜೊತೆಗೆ ಪದರದ ಮೇಲೆ ಪದರ ಲೇಪಿಸಿ ಶೇ. 99.9 ದಾಟಿಸಿರುತ್ತಾರೆ, ಅದೂ ಆ ಒಂದೇ ತರಂಗಾಂತರಕ್ಕೆ, ನಿಗದಿತ ಕೋನಕ್ಕೆ. ಎದುರಾಳಿ ಯಾವ ಲೇಸರ್ ತರುತ್ತಾನೆ, ಯಾವ ಕಡೆಯಿಂದ ಹೊಡೆಯುತ್ತಾನೆ ಅಂತ ಡ್ರೋನಿಗೆ ಮೊದಲೇ ಗೊತ್ತಿರಲ್ಲ.

ರೂಮ್‌ಮೇಟ್ ಈಗ ಬೆಳ್ಳಿ ಲೇಪಿಸೋಣ ಅಂತ ಹಿಡಿದಿದ್ದಾನೆ. ಬೆಳ್ಳಿಗೆ ಉಳಿದದ್ದು ಶೇ. 2 ಅಂತ ಇಟ್ಟು ಲೆಕ್ಕ ನೀವೇ ಹಾಕಿ, 34 ಸೆಕೆಂಡ್ ಬರಬೇಕು. ದೇವರ ಮನೆಯ ಬೆಳ್ಳಿ ದೀಪದ ಹಾಗೆ ಅದೂ ಕಪ್ಪಾದರೆ ಎಷ್ಟು ಉಳಿಯುತ್ತದೆ ಅಂತ ಅವನನ್ನೇ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.