ಕೊಲ್ಹಾಪುರಿ, ಪ್ರಾಡಾ ಮತ್ತು ಸೆಕ್ಷನ್ 22: ಜಿಐ ಕಾಯ್ದೆ ಓದಲು ಒಂದು ಜೋಡಿ ಚಪ್ಪಲಿ

ಭೌಗೋಳಿಕ ಸೂಚಕದ (ಜಿಐ) ಪಾಠವನ್ನು ಎಲ್ಲರೂ ಡಾರ್ಜಿಲಿಂಗ್ ಚಹಾದಿಂದ ಆರಂಭಿಸುತ್ತಾರೆ. ಭಾರತದ ಮೊದಲ ಜಿಐ ಅದು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ 1999ರ ಕಾಯ್ದೆ ಎಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ಎಲ್ಲಿ ಕೈಜಾರುತ್ತದೆ ಎಂದು ನನಗೆ ತಿಳಿದದ್ದು ಚಹಾದಿಂದಲ್ಲ, ಚಪ್ಪಲಿಯಿಂದ.

2025ರ ಜೂನ್ 22ರಂದು ಮಿಲಾನ್‌ನಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾ ತನ್ನ ಪುರುಷರ ಉಡುಪುಗಳನ್ನು ಪ್ರದರ್ಶಿಸಿತು. ರೂಪದರ್ಶಿಗಳ ಕಾಲಲ್ಲಿದ್ದದ್ದು ನಮ್ಮ ಕಡೆಯ ಹಳಬರು ಕಾಲ್ಮರಿ ಎನ್ನುವ, ಜಿಐ ಪಡೆದಿರುವ ಕೊಲ್ಹಾಪುರಿ ಚಪ್ಪಲಿಯಂಥದ್ದೇ: ಚಪ್ಪಟೆ ಅಟ್ಟೆ, ಹೆಬ್ಬೆರಳಿಗೊಂದು ಕುಣಿಕೆ, ಮೇಲೆ ಹೆಣೆದ ಪಟ್ಟಿ. ಕಂಪನಿ ಅದನ್ನು ಚರ್ಮದ ಸ್ಯಾಂಡಲ್ ಎಂದಷ್ಟೇ ಕರೆದಿತ್ತು. ಗದ್ದಲ ಎದ್ದ ಮೇಲೆ, ಇದು ಭಾರತದ ಸಾಂಪ್ರದಾಯಿಕ ಪಾದರಕ್ಷೆಯಿಂದ ಪ್ರೇರಿತವಾದದ್ದು ಎಂದು ಮಹಾರಾಷ್ಟ್ರದ ವಾಣಿಜ್ಯೋದ್ಯಮಿಗಳ ಸಂಸ್ಥೆಗೆ ಪತ್ರ ಬರೆದು ಒಪ್ಪಿಕೊಂಡಿತು. "ಇದು ಜಿಐ ಉಲ್ಲಂಘನೆಯೇ?" ಎಂದು ನಮ್ಮ ಅಧ್ಯಯನ ಗುಂಪಿನಲ್ಲಿ ಪ್ರಶ್ನೆ ಹಾಕಿಕೊಂಡೆವು. ಹೆಚ್ಚಿನವರು ಹೌದು ಎಂದು ಬರೆದರು. ನಾನೂ ಹಾಗೆಯೇ ಬರೆದು ಅಡಿಗೆರೆ ಬೇರೆ ಎಳೆದಿದ್ದೆ. ಉಲ್ಲಂಘನೆ ಯಾವುದೆಂದು ಹೇಳುವ ಸೆಕ್ಷನ್ 22ನ್ನು ನಿಧಾನವಾಗಿ ಓದಿದ ಮೇಲೆ ಉತ್ತರವನ್ನು ಹೊಡೆದುಹಾಕಬೇಕಾಯಿತು.

ಬೇಲಿ ಇರುವುದು ಹೆಸರಿಗೆ

ಕಾಯ್ದೆ ಕಾಯುವುದು 'ಸೂಚಕ'ವನ್ನು, ಅಂದರೆ ಸರಕು ಯಾವ ಪ್ರದೇಶದ್ದೆಂದು ಹೇಳುವ ಹೆಸರನ್ನು, ಸರಕಿನ ಆಕಾರವನ್ನಲ್ಲ. ನಿಜವಾದ ಮೂಲವನ್ನು ಬಿಟ್ಟು ಬೇರೊಂದು ಪ್ರದೇಶದಿಂದ ಬಂದದ್ದು ಎಂದು ಜನರು ತಪ್ಪು ತಿಳಿಯುವಂತೆ ಸೂಚಕವನ್ನು ಬಳಸಿದರೆ ಉಲ್ಲಂಘನೆ. ಪ್ರಾಡಾ ಕೊಲ್ಹಾಪುರಿ ಎಂಬ ಪದವನ್ನೇ ಬಳಸಲಿಲ್ಲ. ಅದೇ ಸೆಕ್ಷನ್ ಅನುಚಿತ ಸ್ಪರ್ಧೆಯನ್ನೂ ಹಿಡಿಯುತ್ತದೆ, ನಿಜ. ಆದರೆ ಅಲ್ಲಿಯೂ ಗ್ರಾಹಕರಲ್ಲಿ ಗೊಂದಲ ಹುಟ್ಟಿಸುವುದೇ ಮುಖ್ಯ. ಪ್ರಾಡಾ ಅಂಗಡಿಗೆ ಹೋದವರಿಗೆ ಯಾವ ಗೊಂದಲ? ಅವರು ದುಡ್ಡು ಸುರಿಯುವುದೇ ಪ್ರಾಡಾ ಎಂಬ ಹೆಸರಿಗೆ.

ಈಗ ಇದರ ಪಕ್ಕದಲ್ಲಿ ನನ್ನದೇ ಪೆದ್ದುತನವನ್ನು ಇಟ್ಟು ನೋಡಿ. ಕಳೆದ ವರ್ಷ ಬಸ್ ನಿಲ್ದಾಣದ ಬಳಿ 'ಒರಿಜಿನಲ್ ಕೊಲ್ಹಾಪುರಿ' ಎಂದು ರಟ್ಟಿನ ಮೇಲೆ ಬರೆದಿಟ್ಟ ಗಾಡಿಯಲ್ಲಿ ಒಂದು ಜೋಡಿ ಕೊಂಡೆ. ಮೊದಲ ಮಳೆಗೇ ಅಟ್ಟೆ ಎರಡು ಪದರವಾಗಿ ಬಿಚ್ಚಿಕೊಂಡಿತು. ಒಳಗೆ ರಟ್ಟು, ಮೇಲೆ ರೆಕ್ಸಿನ್, ನಡುವೆ ಅಂಟು. ಹಳೆಯ ಪದ್ಧತಿಯ ಚಪ್ಪಲಿಯಲ್ಲಿ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಇರುತ್ತದೆ. ಮೊಳೆ ಇರುವುದಿಲ್ಲ, ಹೊಲಿಗೆಗೂ ಚರ್ಮದ ದಾರವೇ. ಆ ರೆಕ್ಸಿನ್ ಮಾಲು ಜಿಐ ಪ್ರದೇಶದ ಹೊರಗೆ ತಯಾರಾಗಿದ್ದರೆ ಅದು ಪಕ್ಕಾ ಉಲ್ಲಂಘನೆ. ಸುಳ್ಳು ಸೂಚಕ ಹಚ್ಚಿದ ಸರಕನ್ನು ಮಾರುವುದು ಅಪರಾಧವೂ ಹೌದು. ಶಿಕ್ಷೆ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷ. ತನಗೆ ತಿಳಿದಿರಲಿಲ್ಲ, ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡಿದರೆ ಮಾತ್ರ ಬಚಾವು. ಅಂದರೆ ರಟ್ಟಿನ ಮೇಲೆ ಹೆಸರು ಬರೆದ ಗಾಡಿಯವನು ಕಾನೂನಿನ ಕೈಗೆ ಸಿಗುತ್ತಾನೆ, ಹೆಸರು ಬಿಟ್ಟು ರೂಪವನ್ನಷ್ಟೇ ಎತ್ತಿಕೊಂಡ ಮಿಲಾನ್‌ನ ಕಂಪನಿ ಸಿಗುವುದಿಲ್ಲ. ಇದು ನ್ಯಾಯವೇ ಎಂಬ ಚರ್ಚೆ ಆಮೇಲೆ. ಪರೀಕ್ಷೆಯಲ್ಲಿ ಮೊದಲು ಈ ವ್ಯತ್ಯಾಸವನ್ನು ಬರೆಯಿರಿ.

ಹೆಸರಿನ ಬೇಲಿಯೂ ಎಷ್ಟು ಚಿಕ್ಕದು ಎಂಬುದಕ್ಕೆ ಟೀ ಬೋರ್ಡ್ ಮತ್ತು ಐಟಿಸಿ ನಡುವಿನ ಪ್ರಕರಣವನ್ನು ಉಲ್ಲೇಖಿಸಬಹುದು. ಐಟಿಸಿಯ ಕೋಲ್ಕತ್ತದ ಹೋಟೆಲೊಂದು ತನ್ನ ಕೊಠಡಿಗೆ 'ಡಾರ್ಜಿಲಿಂಗ್ ಲೌಂಜ್' ಎಂದು ಹೆಸರಿಟ್ಟಿತ್ತು. ಜಿಐ ಸರಕಿಗೆ ಸಂಬಂಧಿಸಿದ್ದು, ಸೇವೆಗಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2019ರಲ್ಲಿ ದಾವೆಯನ್ನು ವಜಾ ಮಾಡಿತು.

ವಿನ್ಯಾಸ ಕಾಯ್ದೆಗೆ ಹೋಗಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗದು. 2000ದ ವಿನ್ಯಾಸ ಕಾಯ್ದೆಗೆ ಹೊಸತನ ಬೇಕು. ತಲೆಮಾರುಗಳಿಂದ ಸಂತೆಯಲ್ಲಿ ಮಾರುತ್ತಿರುವ ಚಪ್ಪಲಿಯಲ್ಲಿ ಹೊಸತನವನ್ನು ಎಲ್ಲಿಂದ ತರುವುದು?

ಹೆಸರು ಅವರದು, ಕೈ ಇವರದು

ಕರ್ನಾಟಕದವರು ಕೊಲ್ಹಾಪುರಿ ತಮ್ಮದಲ್ಲ ಎಂದುಕೊಳ್ಳುವುದುಂಟು. ತಪ್ಪು. ಈ ಜಿಐ ಎಂಟು ಜಿಲ್ಲೆಗಳಿಗೆ ಸೇರಿದೆ: ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ; ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಭಾಗದ ಮನೆಗಳಲ್ಲಿ ಹೆಣೆದ ಚಪ್ಪಲಿ ಪಕ್ಕದ ಊರಿನ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂಬ ಅಸಮಾಧಾನ ಹಳೆಯದು, ಸಕಾರಣವಾದದ್ದೂ ಹೌದು. ಆದರೆ ಕಾನೂನಿನ ಪ್ರಕಾರ ಸೂಚಕದ ಹೆಸರು ಮತ್ತು ಉತ್ಪಾದನೆಯ ಪ್ರದೇಶ ಒಂದೇ ಆಗಿರಬೇಕಿಲ್ಲ. ಸೂಚಕಕ್ಕೆ ಊರಿನ ಹೆಸರೇ ಇರಬೇಕೆಂದೂ ಇಲ್ಲ. ಬಾಸ್ಮತಿ ಎಂಬ ಊರು ಎಲ್ಲಿದೆ?

ನೋಂದಾಯಿತ ಮಾಲೀಕರು ಎರಡು ಸರ್ಕಾರಿ ನಿಗಮಗಳು: ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್. ಇದು ಯಾಕೆ ಮುಖ್ಯ ಎಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ಕೆಲವು ವಕೀಲರು ಪ್ರಾಡಾ ವಿರುದ್ಧ ಬಾಂಬೆ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ನೀವು ಈ ಜಿಐನ ಮಾಲೀಕರಲ್ಲ, ನೊಂದವರು ತಾವೇ ಬರಲಿ ಎಂಬ ಧಾಟಿಯಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ರೂಪದ ನಕಲು ಉಲ್ಲಂಘನೆಯೇ ಎಂಬ ಪ್ರಶ್ನೆ ತೀರ್ಮಾನವಾಗದೆ ಉಳಿಯಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಸೆಕ್ಷನ್ 21 ಪರಿಹಾರ ಕೇಳುವ ಹಕ್ಕನ್ನು ಕೊಟ್ಟಿರುವುದು ಮಾಲೀಕರಿಗೆ ಮತ್ತು ಅಧಿಕೃತ ಬಳಕೆದಾರರಿಗೆ, ಅಂದರೆ ಆ ಸೂಚಕವನ್ನು ಬಳಸಲು ನೋಂದಾಯಿಸಿಕೊಂಡ ಉತ್ಪಾದಕರಿಗೆ.

ಮಿಲಾನ್‌ಗೆ ಹೋಗುವ ದಾರಿ

ಜಿಐ ಗಡಿ ದಾಟುವುದಿಲ್ಲ. ಚೆನ್ನೈನ ಜಿಐ ಕಚೇರಿಯಲ್ಲಿ ಆದ ನೋಂದಣಿ ಇಟಲಿಯಲ್ಲಿ ನಡೆಯದು. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್‌ನ 23ನೇ ವಿಧಿ ಜನ ಮೋಸಹೋಗದಿದ್ದರೂ ಹೆಸರನ್ನು ಕಾಯುತ್ತದೆ, ಆದರೆ ವೈನ್ ಮತ್ತು ಮದ್ಯಕ್ಕೆ ಮಾತ್ರ. ಉಳಿದ ಸರಕಿಗೆ 22ನೇ ವಿಧಿಯ ಸಾಧಾರಣ ರಕ್ಷಣೆ. ಇದನ್ನು ವಿಸ್ತರಿಸಿ ಎಂದು ಭಾರತ ಕೇಳುತ್ತಲೇ ಇದೆ.

ಐರೋಪ್ಯ ಒಕ್ಕೂಟದ ಮಟ್ಟದಲ್ಲಿಯೂ ಜಿಐ ಇದ್ದದ್ದು ತಿನ್ನುವ, ಕುಡಿಯುವ, ಬೆಳೆಯುವ ವಸ್ತುಗಳಿಗೆ. 2023/2411 ಸಂಖ್ಯೆಯ ನಿಯಮಾವಳಿ ಇದನ್ನು ಬದಲಿಸಿದೆ. 2025ರ ಡಿಸೆಂಬರ್ 1ರಿಂದ ಕರಕುಶಲ ಮತ್ತು ಕೈಗಾರಿಕಾ ವಸ್ತುಗಳಿಗೂ ಅಲ್ಲಿ ಜಿಐ ಸಿಗುತ್ತದೆ, ಹೊರದೇಶದವರೂ ಅರ್ಜಿ ಹಾಕಬಹುದು. ನನ್ನ ಲೆಕ್ಕದಲ್ಲಿ ಇಡೀ ವಿವಾದದ ಅತಿ ಉಪಯುಕ್ತ ಅಂಶ ಇದು, ಪತ್ರಿಕೆಗಳಲ್ಲಿ ಅತಿ ಕಡಿಮೆ ಚರ್ಚೆಯಾದದ್ದೂ ಇದೇ.

ಯಾಕೆಂದರೆ ಅಲ್ಲಿ ಮೊರ್ಬಿಯೆ ತೀರ್ಪು ಇದೆ. ಮೊರ್ಬಿಯೆ ಫ್ರಾನ್ಸಿನ ಒಂದು ಚೀಸ್. ಕತ್ತರಿಸಿದರೆ ನಟ್ಟನಡುವೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಕಾಣುತ್ತದೆ. ಬೇರೊಬ್ಬ ತಯಾರಕ ಹೆಸರು ಬಳಸದೆ, ಅದೇ ಗೆರೆಯಿದ್ದ ಚೀಸ್ ಮಾರಿದ. ಹೆಸರನ್ನು ಮುಟ್ಟದಿದ್ದರೂ, ಸರಕಿನ ವಿಶಿಷ್ಟ ರೂಪವನ್ನು ನಕಲಿಸಿ ಗ್ರಾಹಕರನ್ನು ದಾರಿ ತಪ್ಪಿಸುವಂತಿದ್ದರೆ ತಡೆಯಬಹುದು ಎಂದು ಐರೋಪ್ಯ ನ್ಯಾಯಾಲಯ 2020ರ ಡಿಸೆಂಬರ್‌ನಲ್ಲಿ ಹೇಳಿತು. ಅದು ಆಹಾರದ ನಿಯಮದ ಮೇಲಿನ ತೀರ್ಪು. ಹೊಸ ನಿಯಮಾವಳಿಯ ರಕ್ಷಣೆಯ ಒಕ್ಕಣೆಯೂ ಅದೇ ಜಾಡಿನದು. ಕೊಲ್ಹಾಪುರಿ ಅಲ್ಲಿ ನೋಂದಣಿಯಾದರೆ ಹೆಬ್ಬೆರಳಿನ ಕುಣಿಕೆ, ಹೆಣೆದ ಪಟ್ಟಿ ಆ ಕಪ್ಪು ಗೆರೆಯಂತೆಯೇ ಎಂದು ವಾದಿಸಬಹುದು. ಗೆಲ್ಲುವುದು ಖಚಿತವಲ್ಲ. ಪ್ರಾಡಾ ಗ್ರಾಹಕನಿಗೆ ಗೊಂದಲವೆಲ್ಲಿ ಎಂಬ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ. ಆದರೂ ನಮ್ಮ ಸೆಕ್ಷನ್ 22ರ ಮುಂದೆ ಕೂರುವುದಕ್ಕಿಂತ ವಾಸಿ.

ಇನ್ನೊಂದು ದಾರಿ ಮೆಕ್ಸಿಕೊದ್ದು. ಮೂಲನಿವಾಸಿ ಸಮುದಾಯಗಳ ಸಾಂಸ್ಕೃತಿಕ ಆಸ್ತಿಯ ರಕ್ಷಣೆಗೆ ಅಲ್ಲಿ 2022ರಿಂದ ಪ್ರತ್ಯೇಕ ಕಾನೂನಿದೆ. 2025ರಲ್ಲೇ ವಾಹಾಕಾ ಪ್ರಾಂತ್ಯದ ಸಾಂಪ್ರದಾಯಿಕ ಚಪ್ಪಲಿಯನ್ನು ಹೋಲುವ ಮಾದರಿಗಾಗಿ ಅಡಿಡಾಸ್ ಕ್ಷಮೆ ಕೇಳಬೇಕಾಯಿತು. ಅಂಥ ಕಾನೂನು ನಮಗೂ ಬೇಕು ಎನ್ನುವವರಿದ್ದಾರೆ. ಆದರೆ ಸಮುದಾಯದ ಪರವಾಗಿ ಒಪ್ಪಿಗೆ ಕೊಡುವವರು ಯಾರು? ಆ ಅಧಿಕಾರವೂ ಮತ್ತೊಂದು ನಿಗಮದ ಮೇಜಿಗೆ ಹೋದರೆ ಬದಲಾವಣೆ ಏನು ಬಂತು ಎಂಬ ಅನುಮಾನ ನನ್ನದು.

2025ರ ಡಿಸೆಂಬರ್‌ನಲ್ಲಿ ಪ್ರಾಡಾ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ ತಯಾರಾಗುವ 2,000 ಜೋಡಿ, ಜೋಡಿಗೆ ಸುಮಾರು 800 ಯೂರೊ. ಸ್ವಾಗತಾರ್ಹವೇ. ಆದರೆ ಉತ್ತರ ಬರೆಯುವಾಗ ಇದನ್ನು ಜಿಐ ಕಾಯ್ದೆಯ ಜಯ ಎಂದು ಬರೆಯಬೇಡಿ. ಇದು ಸಾರ್ವಜನಿಕ ಮುಜುಗರದಿಂದ ಹುಟ್ಟಿದ ಕರಾರು.

ನಮ್ಮ ಗುಂಪಿನಲ್ಲಿ ಅಥಣಿ ತಾಲ್ಲೂಕಿನ ಗೆಳತಿಯೊಬ್ಬಳಿದ್ದಾಳೆ. ಅವಳ ತಾಯಿ ಮನೆಯಲ್ಲಿ ಪಟ್ಟಿ ಹೆಣೆಯುತ್ತಾರೆ, ಅಟ್ಟೆಗೆ ಹೊಲಿಗೆ ಹಾಕುವುದು ಬೇರೆಯವರು. ತಾಯಿಯನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸೋಣವೆಂದು ಅವಳು ಹೊರಟಳು. 2020ರ ತಿದ್ದುಪಡಿಯ ನಂತರ ಶುಲ್ಕ 10 ರೂಪಾಯಿ, ಅದು ದೊಡ್ಡ ಮಾತಲ್ಲ. ತೊಡಕಾದದ್ದು 'ಉತ್ಪಾದಕ' ಎಂಬ ಪದ. ಕರಕುಶಲ ವಸ್ತುವನ್ನು ತಯಾರಿಸುವವರು ಉತ್ಪಾದಕರು ಎನ್ನುತ್ತದೆ ಸೆಕ್ಷನ್ 2. ಅದರ ವ್ಯಾಪಾರ ಮಾಡುವವರೂ ಉತ್ಪಾದಕರೇ. ಸಿದ್ಧ ಚಪ್ಪಲಿಯನ್ನು ಮೂಟೆಗಟ್ಟಲೆ ಕೊಂಡು ಮಾರುವವನು ಆ ಪದದೊಳಗೆ ಸರಾಗವಾಗಿ ಸೇರುತ್ತಾನೆ. ಚಪ್ಪಲಿಯ ಒಂದು ಪಟ್ಟಿಯನ್ನು ಮಾತ್ರ ಹೆಣೆಯುವ ಹೆಂಗಸು ಚಪ್ಪಲಿಯನ್ನು 'ತಯಾರಿಸುವವಳು' ಹೌದೋ ಅಲ್ಲವೋ ಎಂದು ಕಾಯ್ದೆಯಲ್ಲಿ ಎಲ್ಲಿಯೂ ಬರೆದಿಲ್ಲ. ಅರ್ಜಿ ಇನ್ನೂ ಅವಳ ಪುಸ್ತಕದೊಳಗೇ ಇದೆ.