ರಸೀದಿ ವಿಂಡೋ ಯಾಕೆ ತೆರೆಯಲಿಲ್ಲ?

ಹೋದ ತಿಂಗಳು ವೆಬ್‌ಸೈಟ್ ಇಟ್ಟುಕೊಂಡಿರೋ ಒಬ್ಬರು ಫೋನ್ ಮಾಡಿದ್ದರು. ರಸೀದಿ ಲಿಂಕ್ ಒತ್ತಿದರೆ ಅವರ ಕಂಪ್ಯೂಟರಿನಲ್ಲಿ ಹೊಸ ವಿಂಡೋ ಬರುತ್ತೆ, ಗಿರಾಕಿಗಳಿಗೆ ಮಾತ್ರ ಬರಲ್ಲ. ಕೋಡ್ ನೋಡಿದೆ. ಕ್ಲಿಕ್ ಆದಮೇಲೆ ಅದು ಸರ್ವರ್‌ಗೆ ಹೋಗಿ, ರಸೀದಿ ತಯಾರಾಗಿ, ಉತ್ತರ ಬಂದಮೇಲೆ ನಿಧಾನಕ್ಕೆ ವಿಂಡೋ.ಓಪನ್ (window.open, ಹೊಸ ವಿಂಡೋ ತೆರೆಯೋ ಜಾವಾಸ್ಕ್ರಿಪ್ಟ್ ಆದೇಶ) ಕರೆಯುತ್ತಿತ್ತು. ಅಷ್ಟೊತ್ತಿಗೆ ಬ್ರೌಸರ್ ಆ ಕ್ಲಿಕ್ಕನ್ನು ಮರೆತಿರುತ್ತೆ! ಬಳಕೆದಾರ ಒತ್ತದೇ ತಾನಾಗಿ ತೆರೆದುಕೊಳ್ಳೋ ವಿಂಡೋ ಅಂದರೆ ಅದರ ಲೆಕ್ಕದಲ್ಲಿ ಜಾಹೀರಾತು. ಕ್ರೋಮ್ ಕೆಲವು ಸೆಕೆಂಡು ಕಾಯುತ್ತೆ, ಸಫಾರಿ ಇನ್ನೂ ಬಿಗಿ. ಫೋನ್ ಮಾಡಿದವರು ಯಾವಾಗಲೋ ತಮ್ಮ ಬ್ರೌಸರಿನಲ್ಲಿ ಪಾಪ್‌ಅಪ್‌ಗೆ, ಅಂದರೆ ಹೀಗೆ ತಾನಾಗಿ ತೆರೆಯೋ ವಿಂಡೋಗೆ, ಅನುಮತಿ ಕೊಟ್ಟು ಮರೆತಿದ್ದರು, ಅಷ್ಟೇ ವಿಷಯ.

ಬ್ರೌಸರನ್ನು ಬೈದು ಪ್ರಯೋಜನವಿಲ್ಲ. 1990ರ ದಶಕದ ಕೊನೆಯಲ್ಲಿ ಶುರುವಾದ ಪಾಪ್‌ಅಪ್ ಜಾಹೀರಾತಿನ ಕಾಟ ಎಷ್ಟಿತ್ತೆಂದರೆ, 2004ರ ವಿಂಡೋಸ್ ಎಕ್ಸ್‌ಪಿ ಎರಡನೇ ಸರ್ವಿಸ್ ಪ್ಯಾಕ್ ಹೊತ್ತಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದನ್ನು ತಡೆಯಲು ಶುರುಮಾಡಿತು.

ದಾರಿ ಸುಲಭ. ಕ್ಲಿಕ್ ಆದ ಕೂಡಲೇ ಖಾಲಿ ವಿಂಡೋ ತೆರೆದು ಒಂದು ವೇರಿಯಬಲ್‌ನಲ್ಲಿ (ಕೋಡಿನಲ್ಲಿ ಬೆಲೆ ಇಟ್ಟುಕೊಳ್ಳೋ ಹೆಸರು) ಹಿಡಿದಿಟ್ಟುಕೊಳ್ಳಿ, ಉತ್ತರ ಬಂದಮೇಲೆ ಅದಕ್ಕೆ ವಿಳಾಸ ಕೊಡಿ. ಆ ವೇರಿಯಬಲ್‌ನಲ್ಲಿ ನಲ್ (null, 'ಏನೂ ಇಲ್ಲ' ಅನ್ನೋ ಬೆಲೆ) ಬಂದರೆ ತಡೆ ಬಿದ್ದಿದೆ ಅಂತ ಅರ್ಥ, ಆಗ ಪುಟದಲ್ಲೇ ರಸೀದಿಯ ಲಿಂಕ್ ತೋರಿಸಿ. ಇಲ್ಲಿ ನೋಓಪನರ್ (noopener, ಹೊಸ ವಿಂಡೋಗೂ ಅದನ್ನು ತೆರೆದ ಪುಟಕ್ಕೂ ನಂಟು ಕಡಿಯೋ ಸೂಚನೆ) ಹಾಕಬೇಡಿ, ಹಾಕಿದರೆ ವಿಂಡೋ ತೆರೆದರೂ ಕೈಗೆ ಸಿಗೋದು ನಲ್ಲೇ. ನಾನೇ ಒಮ್ಮೆ ಇದರಲ್ಲಿ ಅರ್ಧ ದಿನ ಕಳೆದಿದ್ದೇನೆ.

ಸಾಮಾನ್ಯ ಲಿಂಕ್‌ಗೆ ಸ್ಕ್ರಿಪ್ಟ್ ಬೇಕೇ ಇಲ್ಲ. ಲಿಂಕ್ ಎಲ್ಲಿ ತೆರೆಯಬೇಕು ಅಂತ ಹೇಳೋ ಟಾರ್ಗೆಟ್‌ನಲ್ಲಿ ಅಂಡರ್‌ಸ್ಕೋರ್ ಬ್ಲ್ಯಾಂಕ್ (target="_blank") ಸಾಕು, ಈಗಿನ ಬ್ರೌಸರ್‌ಗಳು ಅದಕ್ಕೆ ನೋಓಪನರ್ ಅನ್ನು ತಾವೇ ಸೇರಿಸಿಕೊಳ್ಳುತ್ತವೆ. ಅಳತೆ ಹೇಳಿ ಸಣ್ಣ ವಿಂಡೋ ಬೇಕೆಂದರೆ ಮಾತ್ರ ಸ್ಕ್ರಿಪ್ಟ್. ಆಗಲೂ ಹೆಚ್‌ರೆಫ್‌ನಲ್ಲಿ (href, ಲಿಂಕ್‌ನ ವಿಳಾಸ ಬರೆಯೋ ಜಾಗ) ನಿಜವಾದ ವಿಳಾಸವೇ ಇರಲಿ. ಸುಮ್ನೆ ಒಂದು ಹ್ಯಾಷ್ ಗುರುತು (#) ಹಾಕಿಟ್ಟರೆ, ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದವರಿಗೆ ಅದೇ ಪುಟದ ಇನ್ನೊಂದು ಪ್ರತಿ ಸಿಗುತ್ತೆ, ಲಿಂಕ್ ಕಾಪಿ ಮಾಡಿದವರಿಗೂ ಅದೇ ಗತಿ.

ವಿಂಡೋ.ಓಪನ್‌ಗೆ ವಿಳಾಸ ಆದಮೇಲೆ ಎರಡನೇ ಜಾಗದಲ್ಲಿ ಕೊಡೋ ವಿಂಡೋ ಹೆಸರನ್ನೂ ಗಮನಿಸಿ. ಎಲ್ಲ ಲಿಂಕ್‌ಗೂ 'ರಸೀದಿ' ಅಂತ ಒಂದೇ ಹೆಸರು ಕೊಟ್ಟರೆ ಒಂದೇ ವಿಂಡೋದಲ್ಲಿ ಪುಟ ಬದಲಾಗುತ್ತೆ. ಕೆಲವರಿಗೆ ಬೇಕಾಗಿರೋದೂ ಅದೇ.

ಇಷ್ಟೆಲ್ಲ ಸರಿಮಾಡಿ ಕೊಟ್ಟಮೇಲೆ ಅವರು ಕೇಳಿದ್ದು, "ಮೊಬೈಲ್‌ನಲ್ಲಿ ಸಣ್ಣದಾಗಿ ಬರಲ್ವಾ?" ಬರಲ್ಲ ಸಾರ್. ಅಲ್ಲಿ ನೀವು ಯಾವ ಅಳತೆ ಬರೆದರೂ ತೆರೆಯೋದು ಪೂರ್ತಿ ಟ್ಯಾಬೇ.